ಅಮೆರಿಕದಲ್ಲಿ ಜಿಂಕೆ ಬೇಟೆಗಾರರು ಸೀಸನ್‌ಗೆ ಮೊದಲೇ ಮರ ಹತ್ತಿ ಸಿದ್ಧ ಮಾಡುವುದು ಯಾಕೆ? ಹೇಗೆ ಹತ್ತುತ್ತಾರೆ?

ಬೇಟೆಯ ದಿನ ಸದ್ದು, ವಾಸನೆ ಎರಡೂ ಕಡಿಮೆ ಇರಬೇಕು ಎಂಬುದೇ ಕಾರಣ. ಅಲ್ಲಿನ ಬಿಳಿಬಾಲದ ಜಿಂಕೆಗೆ ಮೂಗು, ಕಿವಿ ತುಂಬಾ ಚುರುಕು. ಅದಕ್ಕೇ ಬಿಲ್ಲು ಹಿಡಿದು ಮರದ ಮೇಲೆ ಕಾದು ಕೂತು ಬೇಟೆಯಾಡುವವರು ಬೇಸಿಗೆಯಲ್ಲೇ ಮರ ಆರಿಸಿ, ಬಾಣಕ್ಕೆ ಅಡ್ಡ ಬರುವ ಕೊಂಬೆ ಸವರಿ ಬರುತ್ತಾರೆ.

ಕೆಲವರು ಬಿಡಿ ಏಣಿ ತುಂಡುಗಳನ್ನು ಕಾಂಡಕ್ಕೆ ಒಂದರ ಮೇಲೊಂದು ಬಿಗಿದು ಹತ್ತುತ್ತಾರೆ. ತುಂಬಾ ಮರ ಸಿದ್ಧ ಮಾಡಬೇಕಾದರೆ ಹಗ್ಗವೇ ಅನುಕೂಲ ಎಂಬುದು ನನ್ನ ಅಭಿಪ್ರಾಯ. ಸಣ್ಣ ತೂಕದ ಚೀಲ ಕಟ್ಟಿದ ದಾರವನ್ನು ಗಟ್ಟಿ ಕವಲಿನ ಮೇಲೆ ಎಸೆಯುತ್ತಾರೆ. ಅದರಿಂದ ದಪ್ಪ ಹಗ್ಗ ಎಳೆದು, ಒಂದು ತುದಿಯನ್ನು ಭದ್ರಪಡಿಸಿ, ಸೊಂಟದ ಪಟ್ಟಿಯನ್ನು ಪ್ರುಸಿಕ್ ಎಂಬ ಗಂಟಿನಿಂದ ಅದಕ್ಕೆ ಜೋಡಿಸುತ್ತಾರೆ.

ಈ ಗಂಟೇ ಇಲ್ಲಿನ ಗುಟ್ಟು. ತೆಳು ಹಗ್ಗವನ್ನು ದಪ್ಪ ಹಗ್ಗಕ್ಕೆ ಮೂರ್ನಾಲ್ಕು ಸುತ್ತು ಸುತ್ತಿರುತ್ತಾರೆ. ಭಾರ ಬಿದ್ದಾಗ ಸುತ್ತುಗಳು ಬಿಗಿದು ಕಚ್ಚಿಕೊಳ್ಳುತ್ತವೆ. ಭಾರ ತೆಗೆದರೆ ಕೈಯಿಂದ ಮೇಲಕ್ಕೆ ಸರಿಸಬಹುದು. ಹಗ್ಗಕ್ಕೆ ಜೋಡಿಸಿದ ಇನ್ನೊಂದು ಕುಣಿಕೆಯಲ್ಲಿ ಕಾಲಿಟ್ಟು ಎದ್ದು ನಿಲ್ಲುವುದು, ಗಂಟು ಸರಿಸುವುದು, ಮತ್ತೆ ಕೂರುವುದು, ಹೀಗೇ ಮೇಲೇರುತ್ತಾರೆ.

ಕೆಲಸ ಮುಗಿದ ಮೇಲೆ ಕವಲಿನಲ್ಲಿ ತೆಳು ದಾರ ಮಾತ್ರ ಬಿಡುತ್ತಾರೆ. ಬೇಟೆಯ ದಿನ ಅದಕ್ಕೆ ಹಗ್ಗ ಕಟ್ಟಿ ಎಳೆದರೆ ಸಾಕು, ಮತ್ತೆ ಎಸೆಯುವ ಗದ್ದಲವಿಲ್ಲ. ಆದರೆ ಬಿಸಿಲು, ಅಳಿಲಿನ ಹಲ್ಲಿಗೆ ಸಿಕ್ಕ ದಾರ ಸವೆದಿರಬಹುದು. ಅದರ ಮೇಲೆ ಎಂದೂ ಮೈಭಾರ ಹಾಕಬಾರದು. ಕವಲು ಜೀವಂತವಾಗಿದೆಯೇ ಎಂದೂ ಪ್ರತಿ ಸಲ ನೋಡಲೇಬೇಕು.

ಶೂಗೆ ಕಟ್ಟುವ ಮುಳ್ಳುಗಳಿಂದಲೂ ಹತ್ತಬಹುದು, ಆದರೆ ಅವು ತೊಗಟೆಯನ್ನು ಗಾಯ ಮಾಡುತ್ತವೆ. ಬದುಕಿರುವ ಮರಕ್ಕೆ ದಯವಿಟ್ಟು ಬೇಡ.