ಕ್ಯಾಂಪಸ್‌ನಲ್ಲಿ ಕಪ್ಪು–ಬಿಳಿ ಗಲಾಟೆ ಎದ್ದರೆ ಫುಟ್‌ಬಾಲ್ ತಂಡಕ್ಕೆ ಹುಡುಗರು ಬರುವುದು ನಿಲ್ಲುತ್ತಾ?

ನಿಮ್ಮ ಪ್ರಶ್ನೆ ಇದು: ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಜನಾಂಗದ ವಿಷಯಕ್ಕೆ ಗಲಾಟೆ ಆಯಿತು ಅಂದುಕೊಳ್ಳಿ. ಅದರಿಂದ ಅಲ್ಲಿಯ ಫುಟ್‌ಬಾಲ್ (ಹೆಲ್ಮೆಟ್ ಹಾಕಿ ಆಡುವ ಅಮೆರಿಕನ್ ಫುಟ್‌ಬಾಲ್) ತಂಡಕ್ಕೆ ಒಳ್ಳೆಯ ಆಟಗಾರರು ಸಿಗುವುದು ಕಷ್ಟ ಆಗುತ್ತಾ?

ನನಗೆ ಅನ್ನಿಸುವುದು, ಬರೀ ಗಲಾಟೆಯಿಂದ ಅಷ್ಟೇನೂ ಆಗುವುದಿಲ್ಲ. ಗಲಾಟೆ ಎದ್ದ ಎರಡು ದಿನದಲ್ಲಿ ಕೋಚ್ ಯಾರ ಪಕ್ಕ ಹೋಗಿ ನಿಂತ ಅನ್ನುವುದರಿಂದ ಆಗುತ್ತದೆ.

ನಾನು ಆಟಗಾರನಲ್ಲ. ಡಲ್ಲಾಸ್ ಹತ್ತಿರ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿರುವವನು. ಇಲ್ಲಿ ಶುಕ್ರವಾರ ರಾತ್ರಿ ಹೈಸ್ಕೂಲ್ ಮ್ಯಾಚ್ ಅಂದರೆ ಊರಿನ ಜಾತ್ರೆ ಇದ್ದ ಹಾಗೆ, ನೋಡದೆ ಇರೋಕೆ ಆಗುವುದಿಲ್ಲ. ಅದಕ್ಕಿಂತ ಜಾಸ್ತಿ, ನಮ್ಮ ಪಕ್ಕದ ಮನೆಯ ಹುಡುಗನನ್ನು ಕಾಲೇಜಿನವರು ಹುಡುಕಿಕೊಂಡು ಬಂದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅವರದು ಕಪ್ಪು ಕುಟುಂಬ. ಹುಡುಗ ಆರೂಕಾಲು ಅಡಿ, ನನ್ನನ್ನು ಕಂಡರೆ ಈಗಲೂ ಬಗ್ಗಿ ಮಾತಾಡಿಸುತ್ತಾನೆ.

ರಿಕ್ರೂಟಿಂಗ್ ಅಂದರೆ ಏನು ಅಂತ ನಮ್ಮವರಿಗೆ ಹೇಳುವುದು ಸುಲಭ. ಹೆಣ್ಣು ನೋಡುವ ಶಾಸ್ತ್ರ, ಅಷ್ಟೇ. ಕೋಚ್ ಮನೆಗೆ ಬರುತ್ತಾನೆ, ಸೋಫಾ ಮೇಲೆ ಕೂರುತ್ತಾನೆ, ಅಮ್ಮ ಮಾಡಿದ್ದನ್ನು ಹೊಗಳುತ್ತಾ ತಿನ್ನುತ್ತಾನೆ. 'ನಿಮ್ಮ ಮಗನನ್ನು ನನ್ನ ಮಗನ ಹಾಗೆ ನೋಡಿಕೊಳ್ಳುತ್ತೇನೆ' ಅನ್ನುತ್ತಾನೆ. ಆಮೇಲೆ ಹುಡುಗನ ಮನೆಯವರು ಕಾಲೇಜಿಗೆ ಹೋಗಿ ನೋಡಿ ಬರುತ್ತಾರೆ. ಹುಡುಗ ಬಾಯಿಮಾತಿನಲ್ಲಿ ಒಪ್ಪಿಕೊಂಡರೆ ಅದು ನಿಶ್ಚಿತಾರ್ಥ, ಸಹಿ ಹಾಕಿದ ದಿನ ಮದುವೆ. ನಡುವೆ ಸಂಬಂಧ ಮುರಿಯೋಕೆ ಚಾಡಿ ಹೇಳುವವರೂ ಇರುತ್ತಾರಲ್ಲ, ಇಲ್ಲಿ ಆ ಕೆಲಸ ಎದುರಾಳಿ ಕಾಲೇಜಿನ ಕೋಚ್‌ಗಳದು. ಕ್ಯಾಂಪಸ್‌ನಲ್ಲಿ ಏನಾದರೂ ಕೆಟ್ಟದ್ದು ನಡೆದರೆ ಆ ವಿಡಿಯೋ ಹುಡುಗನ ಅಮ್ಮನ ಫೋನಿಗೆ ಬರೋಕೆ ಹತ್ತು ನಿಮಿಷ ಸಾಕು.

2015ರ ಮಾರ್ಚ್‌ನಲ್ಲಿ ಒಕ್ಲಹೋಮಾ ಯೂನಿವರ್ಸಿಟಿಯಲ್ಲಿ ಹೀಗೇ ಆಯಿತು. ಫ್ರಾಟರ್ನಿಟಿಯೊಂದರ (ಹುಡುಗರೇ ಸೇರಿ ನಡೆಸುವ ವಿದ್ಯಾರ್ಥಿ ಸಂಘ) ಬಿಳಿ ಹುಡುಗರು ಬಸ್ಸಿನಲ್ಲಿ ಕುಣಿಯುತ್ತಾ, ಕಪ್ಪು ಜನರನ್ನು ಯಾವತ್ತೂ ನಮ್ಮೊಳಗೆ ಸೇರಿಸಲ್ಲ ಅಂತ ಹೊಲಸು ಹಾಡು ಹೇಳಿದ ವಿಡಿಯೋ ಹೊರಬಂತು. ಅದು ಹೊರಬಿದ್ದ ಮರುದಿನವೇ ಜೀನ್ ಡಿಲಾನ್ಸ್ ಎಂಬ ಟೆಕ್ಸಸ್‌ನ ಹುಡುಗ, ಅಲ್ಲಿಗೆ ಹೋಗಲು ಒಪ್ಪಿಕೊಂಡಿದ್ದವನು, ಬರಲ್ಲ ಅಂದುಬಿಟ್ಟ. ಕೊನೆಗೆ ಸೇರಿದ್ದು ಒಕ್ಲಹೋಮಾದ ಬದ್ಧವೈರಿ ಟೆಕ್ಸಸ್ ಯೂನಿವರ್ಸಿಟಿಯನ್ನು. ನೀವು ಕೇಳಿದ್ದಕ್ಕೆ ಇಷ್ಟು ನೇರವಾದ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಯೂನಿವರ್ಸಿಟಿ ಅಧ್ಯಕ್ಷ ಡೇವಿಡ್ ಬೋರೆನ್ ಆ ಫ್ರಾಟರ್ನಿಟಿಯ ಮನೆಗೆ ಬೀಗ ಹಾಕಿಸಿದರು, ಇಬ್ಬರನ್ನು ಕಾಲೇಜಿನಿಂದ ಹೊರಗೆ ಹಾಕಿದರು. ಆಟಗಾರರು ಪ್ರಾಕ್ಟೀಸ್ ಬಿಟ್ಟು, ಕಪ್ಪು ಬಟ್ಟೆ ಹಾಕಿ, ತೋಳಿಗೆ ತೋಳು ಸೇರಿಸಿ ನಡೆದರು. ಜೊತೆಗೆ ಕೋಚ್ ಬಾಬ್ ಸ್ಟೂಪ್ಸ್ ಕೂಡ ನಡೆದರು. ಆ ವರ್ಷ ತಂಡ 11 ಮ್ಯಾಚ್ ಗೆದ್ದು ರಾಷ್ಟ್ರೀಯ ಪ್ಲೇಆಫ್‌ಗೆ ಹೋಯಿತು. ಹೋದವನು ಒಬ್ಬ. ಉಳಿದವರು ಉಳಿದರು.

ಅದೇ ವರ್ಷ ನವೆಂಬರ್‌ನಲ್ಲಿ ಮಿಸೌರಿ ಯೂನಿವರ್ಸಿಟಿ. ಫರ್ಗೂಸನ್‌ನಲ್ಲಿ ಮೈಕೆಲ್ ಬ್ರೌನ್ ಎಂಬ ಕಪ್ಪು ಯುವಕ ಪೊಲೀಸ್ ಗುಂಡಿಗೆ ಸತ್ತು ಒಂದು ವರ್ಷ ಆಗಿತ್ತು. ಫರ್ಗೂಸನ್ ಅಲ್ಲಿಂದ ಎರಡು ಗಂಟೆ ದಾರಿ, ಅಷ್ಟೇ. ಕ್ಯಾಂಪಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಬೈಗುಳ, ಹಾಸ್ಟೆಲ್ ಗೋಡೆ ಮೇಲೆ ಮಲದಲ್ಲಿ ಬರೆದ ನಾಜಿ ಚಿಹ್ನೆ. ಅಧ್ಯಕ್ಷ ಟಿಮ್ ವುಲ್ಫ್ ಏನೂ ಮಾಡಲಿಲ್ಲ ಅಂತ ಒಬ್ಬ ವಿದ್ಯಾರ್ಥಿ ನವೆಂಬರ್ 2ರಂದು ಉಪವಾಸ ಕೂತ. ಐದು ದಿನ ಆದರೂ ಅಧ್ಯಕ್ಷ ಕುರ್ಚಿ ಬಿಡಲಿಲ್ಲ. 7ರ ರಾತ್ರಿ ತಂಡದ ಕಪ್ಪು ಆಟಗಾರರು, ಅಧ್ಯಕ್ಷ ಹೋಗುವ ತನಕ ಆಡಲ್ಲ ಅಂತ ಒಂದು ಫೋಟೋ ಹಾಕಿದರು. ಮುಂದಿನ ಶನಿವಾರದ ಮ್ಯಾಚ್ ಆಡದಿದ್ದರೆ ಯೂನಿವರ್ಸಿಟಿ 10 ಲಕ್ಷ ಡಾಲರ್ ದಂಡ ಕಟ್ಟಬೇಕಿತ್ತು. 9ರ ಬೆಳಿಗ್ಗೆ ಅಧ್ಯಕ್ಷರ ರಾಜೀನಾಮೆ! ತಿಂಗಳುಗಟ್ಟಲೆ ಕೂಗಿದವರಿಗೆ ಸಿಗದಿದ್ದು ಹೆಲ್ಮೆಟ್ ಹಾಕುವವರಿಗೆ ಒಂದೂವರೆ ದಿನದಲ್ಲಿ ಸಿಕ್ಕಿತು.

ನಡುವಿನ ಭಾನುವಾರ, 8ನೇ ತಾರೀಕು, ಕೋಚ್ ಗ್ಯಾರಿ ಪಿಂಕೆಲ್ ಇಡೀ ತಂಡ ಒಟ್ಟಿಗೆ ನಿಂತ ಫೋಟೋ ಹಾಕಿ, ನಾವು ನಮ್ಮ ಆಟಗಾರರ ಹಿಂದೆ ಇದ್ದೇವೆ ಅಂದರು. ಅದೇ ವಾರದ ಶುಕ್ರವಾರ, ತಮಗೆ ಲಿಂಫೋಮಾ ಅನ್ನುವ ಕ್ಯಾನ್ಸರ್, ಸೀಸನ್ ಮುಗಿದ ಮೇಲೆ ಬಿಡುತ್ತೇನೆ ಅಂತಲೂ ಹೇಳಿದರು. ಮರುದಿನ ತಂಡ ಬ್ರಿಗ್‌ಹ್ಯಾಮ್ ಯಂಗ್ ಯೂನಿವರ್ಸಿಟಿ ವಿರುದ್ಧ ಮ್ಯಾಚ್ ಆಡಿ 20–16ರಲ್ಲಿ ಗೆದ್ದಿತು.

ಈಗ ನೋಡಿ ತಮಾಷೆ. ಎರಡು ವರ್ಷದಲ್ಲಿ ಆ ಯೂನಿವರ್ಸಿಟಿಗೆ ಹೊಸದಾಗಿ ಸೇರುವ ಸಾಮಾನ್ಯ ವಿದ್ಯಾರ್ಥಿಗಳ ಸಂಖ್ಯೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಿದ್ದುಹೋಯಿತು. ಕೆಲವು ಹಾಸ್ಟೆಲ್‌ಗಳಿಗೆ ಬೀಗ ಬಿತ್ತು. ಇದು ಜನಾಂಗ ದ್ವೇಷದ ಜಾಗ ಅಂತ ಕಪ್ಪು ಕುಟುಂಬಗಳು ಹಿಂಜರಿದವು, ಗಲಾಟೆ ಮಾಡುವವರಿಗೆ ಬಗ್ಗಿದರು ಅಂತ ಬಿಳಿ ಕುಟುಂಬಗಳು. ಫುಟ್‌ಬಾಲ್ ತಂಡ? ಮರುವರ್ಷ ನಾಲ್ಕು ಮ್ಯಾಚ್ ಗೆದ್ದು ಎಂಟು ಸೋತಿತು ನಿಜ, ಕೋಚ್ ಬದಲಾಗಿತ್ತು. ಆದರೆ 2021ರಲ್ಲಿ ಈಸ್ಟ್ ಸೇಂಟ್ ಲೂಯಿಸ್‌ನ ಲೂಥರ್ ಬರ್ಡನ್, ದೇಶವೇ ಬೆನ್ನು ಹತ್ತಿದ್ದ ಹುಡುಗ, ಜಾರ್ಜಿಯಾ, ಅಲಬಾಮಾ ಎಲ್ಲಾ ಬಿಟ್ಟು ಮಿಸೌರಿಗೆ ಬಂದ. ಅದಕ್ಕೂ ಮುಂಚೆ ಅವನು ಒಪ್ಪಿಕೊಂಡಿದ್ದು ಒಕ್ಲಹೋಮಾಗೆ! 2023ರಲ್ಲಿ ಮಿಸೌರಿ 11 ಮ್ಯಾಚ್ ಗೆದ್ದಿತು.

ಈ ವ್ಯತ್ಯಾಸ ಯಾಕೆ? ಸಾಮಾನ್ಯ ವಿದ್ಯಾರ್ಥಿ ಸೇರುವುದು ಊರಿಗೆ. ಆಟಗಾರ ಸೇರುವುದು ಮನೆಗೆ. ನೂರಕ್ಕೂ ಹೆಚ್ಚು ಹುಡುಗರ ಮನೆ ಅದು, ಊಟ ಅಲ್ಲೇ, ಪಾಠ ಹೇಳಿಕೊಡುವವರು ಅಲ್ಲೇ. ಹೊರಗೆ ಕ್ಯಾಂಪಸ್‌ನಲ್ಲಿ ಕಪ್ಪು ಮುಖ ಹುಡುಕಬೇಕು, ಲಾಕರ್ ರೂಮಿನಲ್ಲಿ ಹಾಗಿಲ್ಲ. ಆ ಮನೆ ಗಟ್ಟಿ ಇದ್ದರೆ ಬೀದಿಯ ಗದ್ದಲ ಒಳಗೆ ಅಷ್ಟಾಗಿ ಕೇಳಿಸುವುದಿಲ್ಲ.

ಮನೆ ಯಜಮಾನನೇ ಕೈಕೊಟ್ಟರೆ ಏನಾಗುತ್ತೆ ಅಂತ ನೋಡೋಕೆ 1969ರ ವಯೋಮಿಂಗ್ ಯೂನಿವರ್ಸಿಟಿಗೆ ಹೋಗಬೇಕು. ಆ ಸಲವೂ ಎದುರಾಳಿ ಮಿಸೌರಿ ಆಡಿದ ಅದೇ ಬ್ರಿಗ್‌ಹ್ಯಾಮ್ ಯಂಗ್ ಯೂನಿವರ್ಸಿಟಿ. ಅದನ್ನು ನಡೆಸುವ ಮಾರ್ಮನ್ ಚರ್ಚು ಆಗ ಕಪ್ಪು ಜನರಿಗೆ ಪೌರೋಹಿತ್ಯ ಕೊಡುತ್ತಿರಲಿಲ್ಲ. ಅದನ್ನು ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳಬಹುದಾ ಅಂತ ಕೇಳೋಕೆ ವಯೋಮಿಂಗ್‌ನ 14 ಕಪ್ಪು ಆಟಗಾರರು ಕೋಚ್ ಲಾಯ್ಡ್ ಈಟನ್ ಹತ್ತಿರ ಹೋದರು. ಬರೀ ಕೇಳೋಕೆ. ಹದಿನಾಲ್ಕೂ ಜನರನ್ನು ಈಟನ್ ಅಲ್ಲೇ ತಂಡದಿಂದ ತೆಗೆದುಹಾಕಿದ. ತಂಡ ಆಗ ನಾಲ್ಕಕ್ಕೆ ನಾಲ್ಕು ಗೆದ್ದಿತ್ತು, ಹಿಂದಿನ ಮೂರು ವರ್ಷವೂ ತನ್ನ ಕಾನ್ಫರೆನ್ಸ್‌ನ (ಒಟ್ಟಿಗೆ ಆಡುವ ಕಾಲೇಜುಗಳ ಗುಂಪು) ಚಾಂಪಿಯನ್. ಉಳಿದ ಹುಡುಗರು ಆ ಮ್ಯಾಚನ್ನು 40–7ರಲ್ಲಿ ಗೆದ್ದೂಬಿಟ್ಟರು. ಊರಿನ ಜನ ಕೋಚ್‌ಗೆ ಚಪ್ಪಾಳೆ ತಟ್ಟಿದರು.

ಸೀಸನ್‌ನ ಕೊನೆಯ ನಾಲ್ಕೂ ಮ್ಯಾಚ್ ಸೋತರು. 1970ರಲ್ಲಿ ಹತ್ತರಲ್ಲಿ ಗೆದ್ದಿದ್ದು ಒಂದು. ಕೋಚ್ ಹುದ್ದೆಯೂ ಹೋಯಿತು. ಕೋಚ್ ಹೋದರೂ ಕೆಟ್ಟ ಹೆಸರು ಹೋಗಲಿಲ್ಲ. ಆ ದಶಕದಲ್ಲಿ ಸೋಲಿಗಿಂತ ಗೆಲುವು ಜಾಸ್ತಿ ಇದ್ದದ್ದು 1976ರಲ್ಲಿ ಮಾತ್ರ. ಯೂನಿವರ್ಸಿಟಿ ಇರುವ ಊರು ಲಾರಮಿ ಅಂದರೆ ಚಳಿ, ಗಾಳಿ, ಏಳು ಸಾವಿರ ಅಡಿ ಎತ್ತರ, ಕಪ್ಪು ಜನ ಮೊದಲೇ ಬೆರಳೆಣಿಕೆ. 'ನಿಮ್ಮ ಮಗನನ್ನು ನನ್ನ ಮಗನ ಹಾಗೆ' ಅಂತ ಅಲ್ಲಿಯ ಕೋಚ್ ಯಾವ ಮುಖ ಹೊತ್ತು ಹೇಳಬೇಕು? ಯೂನಿವರ್ಸಿಟಿ ಆ ಹದಿನಾಲ್ಕು ಜನರ ಕ್ಷಮೆ ಕೇಳಿದ್ದು 2019ರಲ್ಲಿ. ಐವತ್ತು ವರ್ಷ!

ಇದಕ್ಕೆ ಇನ್ನೊಂದು ಮುಖ ಇದೆ. ಒಳ್ಳೆ ಹುಡುಗರು ತಪ್ಪಿಹೋಗುತ್ತಾರೆ ಅನ್ನುವ ಭಯವೇ ಕ್ಯಾಂಪಸ್ಸನ್ನು ಬದಲಾಯಿಸಿದ್ದೂ ಉಂಟು. ಮಿಸಿಸಿಪ್ಪಿ ಯೂನಿವರ್ಸಿಟಿಯ ಮ್ಯಾಚ್‌ಗಳಲ್ಲಿ ಗುಲಾಮಗಿರಿ ಕಾಲದ ಕಾನ್‌ಫೆಡರೇಟ್ ಬಾವುಟ ಸಾವಿರಗಟ್ಟಲೆ ಹಾರುತ್ತಿತ್ತು. 1997ರಲ್ಲಿ ಕೋಚ್ ಟಾಮಿ ಟ್ಯೂಬರ್‌ವಿಲ್, ಮುಂದೆ ಅಲಬಾಮಾದ ಸೆನೆಟರ್ ಆದವರು, ಇದರಿಂದ ನನಗೆ ಹುಡುಗರು ಸಿಗುತ್ತಿಲ್ಲ, ಬಾವುಟ ತರಬೇಡಿ ಅಂತ ಕೇಳಿಕೊಂಡರು. ಯೂನಿವರ್ಸಿಟಿಯೂ ಜಾಣತನ ಮಾಡಿತು. ಬಾವುಟವನ್ನು ಮುಟ್ಟಲಿಲ್ಲ, ಸುರಕ್ಷತೆ ಹೆಸರಲ್ಲಿ ಸ್ಟೇಡಿಯಂಗೆ ಕೋಲು ತರಬಾರದು ಅಂದಿತು. ಕೋಲಿಲ್ಲದ ಬಾವುಟ ಎಷ್ಟು ಹೊತ್ತು ಹಾರಿಸುತ್ತೀರಿ? ಇನ್ನು ರಾಜ್ಯದ ಬಾವುಟದಲ್ಲೇ ಆ ಚಿಹ್ನೆ ಇತ್ತಲ್ಲ, ಅದು ಬದಲಾಗದಿದ್ದರೆ ಆಡಲ್ಲ ಅಂತ 2020ರ ಜೂನ್ 22ರಂದು ಅಲ್ಲಿಯ ಇನ್ನೊಂದು ಯೂನಿವರ್ಸಿಟಿ ಮಿಸಿಸಿಪ್ಪಿ ಸ್ಟೇಟ್‌ನ ಆಟಗಾರ ಕೈಲಿನ್ ಹಿಲ್ ಹೇಳಿದ. ರಾಜ್ಯದ ಕೋಚ್‌ಗಳು ವಿಧಾನಸಭೆಗೇ ಹೋಗಿ ಕೇಳಿಕೊಂಡರು. 30ನೇ ತಾರೀಕು ಆ ಬಾವುಟ ಇಳಿಸುವ ಕಾನೂನಿಗೆ ಸಹಿ ಬಿತ್ತು. ಒಬ್ಬ ಆಟಗಾರನಿಂದಲೇ ಇಳಿಯಿತು ಅನ್ನುವುದು ಅತಿ, ಒತ್ತಡ ಎಲ್ಲಾ ಕಡೆಯಿಂದ ಇತ್ತು.

ಅದೇ ತಿಂಗಳು ಟೆಕ್ಸಸ್ ಯೂನಿವರ್ಸಿಟಿಯ ಆಟಗಾರರು, ಜನಾಂಗ ದ್ವೇಷದ ನಂಟಿರುವ ಶಾಲೆಯ ಹಾಡು ಬದಲಿಸಿ ಅಂತ ಶುರುಮಾಡಿ ಒಂದಿಷ್ಟು ಬೇಡಿಕೆ ಇಟ್ಟರು. ಆಡಲ್ಲ ಅನ್ನಲಿಲ್ಲ. ಹೊಸ ಹುಡುಗರನ್ನು ಕರೆತರುವ ಕೆಲಸಕ್ಕೆ ಕೈಜೋಡಿಸಲ್ಲ ಅಂದರು. ಹೊರಗಿನವರಿಗೆ ಇದು ಸಣ್ಣ ಮಾತು ಅನ್ನಿಸಬಹುದು. ಕಾಲೇಜು ನೋಡೋಕೆ ಬಂದ ಹುಡುಗನನ್ನು ಸುತ್ತಾಡಿಸುವುದು ತಂಡದ ಆಟಗಾರನೇ. ರಾತ್ರಿ ಕೋಚ್ ಮಲಗಿದ ಮೇಲೆ, 'ನಿಜ ಹೇಳು, ಇಲ್ಲಿ ನಮ್ಮಂಥವರಿಗೆ ಹೇಗೆ?' ಅಂತ ಅವನು ಕೇಳುವುದು ಇವನನ್ನೇ. ಹಾಡು ಉಳಿಯಿತು. ಆದರೆ ಅಲ್ಲಿ ಆಡಿ ಲೆಟರ್ (ಮುಖ್ಯ ತಂಡದಲ್ಲಿ ಆಡಿದವರಿಗೆ ಕೊಡುವ ಗೌರವ) ಪಡೆದ ಮೊದಲ ಕಪ್ಪು ಆಟಗಾರ ಜೂಲಿಯಸ್ ವಿಟಿಯರ್ ಪ್ರತಿಮೆ ಸ್ಟೇಡಿಯಂ ಹೊರಗೆ ನಿಂತಿತು.

2021ರ ಜುಲೈಯಿಂದ ಆಟಗಾರರು ತಮ್ಮ ಹೆಸರಿನಲ್ಲಿ ದುಡ್ಡು ಮಾಡಿಕೊಳ್ಳಬಹುದು. ದುಡ್ಡು ಬಂದ ಮೇಲೆ ಇದೆಲ್ಲಾ ಹಿಂದೆ ಸರಿದಿದೆ ಅನ್ನುವವರೂ ಇದ್ದಾರೆ. ಸ್ವಲ್ಪ ನಿಜ. ಜೊತೆಗೆ ಕಾಲೇಜು ಬದಲಾಯಿಸುವುದೂ ಈಗ ಸುಲಭ, ಹಿಡಿಸದಿದ್ದರೆ ಮುಂದಿನ ವರ್ಷ ಬೇರೆ ಕಡೆ.

ಪಕ್ಕದ ಮನೆಯ ವಿಷಯ ಬಾಕಿ ಇತ್ತು. ಎರಡು ಕಾಲೇಜು ನೋಡಿ ಬಂದ ಮೇಲೆ ಅವನ ಅಮ್ಮ ಬೇಲಿ ಹತ್ತಿರ ಸಿಕ್ಕಿದರು. ಸ್ಟೇಡಿಯಂ ಹೇಗಿತ್ತು ಅಂತ ಕೇಳಿದೆ. ಅದನ್ನು ಅವರು ಸರಿಯಾಗಿ ನೋಡಿಯೇ ಇರಲಿಲ್ಲ. ಎರಡೂ ಕಡೆ ಕೋಚ್‌ಗೆ ಕೇಳಿದ್ದು ಒಂದೇ ಪ್ರಶ್ನೆಯಂತೆ: 'ನನ್ನ ಮಗ ಇಲ್ಲಿ ಕೂದಲು ಕತ್ತರಿಸಿಕೊಳ್ಳುವುದು ಎಲ್ಲಿ?' ಕಪ್ಪು ಹುಡುಗರ ಕೂದಲು ಎಲ್ಲರಿಗೂ ಕತ್ತರಿಸೋಕೆ ಬರುವುದಿಲ್ಲ, ಅಂಥ ಅಂಗಡಿ ಇದೆ ಅಂದರೆ ಅಂಥ ಜನವೂ ಇದ್ದಾರೆ ಅಂತ ಅರ್ಥ. ಒಬ್ಬ ಕೋಚ್ ತಡವರಿಸಿ, ಕೇಳಿ ಹೇಳುತ್ತೇನೆ ಅಂದನಂತೆ. ಇನ್ನೊಬ್ಬ ಅಂಗಡಿಯ ಹೆಸರು ಹೇಳಿ, ನಡೀರಿ ತೋರಿಸುತ್ತೇನೆ ಅಂತ ಕಾರಿನ ಕೀಲಿ ಎತ್ತಿಕೊಂಡನಂತೆ. ಮೊದಲನೆಯದು ತುಂಬಾ ದೊಡ್ಡ ಹೆಸರಿನ ಕಾಲೇಜು. ಹುಡುಗ ಸಹಿ ಹಾಕಿದ್ದು ಎರಡನೆಯದಕ್ಕೆ.