ನಾಯಿಮರಿಗೆ ಮತ್ತೆ ಮತ್ತೆ ಲಸಿಕೆ ಯಾಕೆ?

ಎರಡು ತಿಂಗಳ ಮರಿಗೆ ಒಂದು ಲಸಿಕೆ ಆಗಿದೆ, ಇನ್ನೂ ಎರಡು ಸಲ ಬನ್ನಿ ಅಂತ ಡಾಕ್ಟರ್ ಹೇಳಿದ್ದು ಸುಮ್ನೆ ದುಡ್ಡಿಗಾ ಅಂತ ಕೇಳಿದ್ದೀರಿ. ಅಲ್ಲ. ನನಗೂ ಮೊದಲು ಹಾಗೇ ಅನ್ನಿಸಿತ್ತು ಬಿಡಿ.

ತಾಯಿಯ ಗಿಣ್ಣುಹಾಲಿನಿಂದ ಮರಿಗೆ ರೋಗ ತಡೆಯುವ ಶಕ್ತಿ ಬಂದಿರುತ್ತದೆ. ತಮಾಷೆ ಏನಂದ್ರೆ, ಅದೇ ಶಕ್ತಿ ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಅದು ಇಳಿಯುವ ಹೊತ್ತು ಒಂದೊಂದು ಮರಿಗೆ ಒಂದೊಂದು ತರ. ಒಂದಕ್ಕೆ 8 ವಾರಕ್ಕೇ ಇಳಿದರೆ, ಇನ್ನೊಂದಕ್ಕೆ 14 ವಾರವಾದರೂ ಉಳಿದಿರಬಹುದು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಪಾರ್ವೊ, ಡಿಸ್ಟೆಂಪರ್ (ಎರಡೂ ಮರಿಯ ಜೀವಕ್ಕೇ ಕುತ್ತು ತರುವ ವೈರಸ್ ರೋಗಗಳು) ಲಸಿಕೆಯನ್ನು 6-8 ವಾರಕ್ಕೆ ಶುರು ಮಾಡಿ, 2ರಿಂದ 4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಹಾಕುತ್ತಾರೆ. ಯಾವುದಾದರೂ ಒಂದು ನಾಟಲಿ ಅಂತ. ಹಾಗಾಗಿ ಕೊನೆಯದನ್ನಂತೂ ತಪ್ಪಿಸಬೇಡಿ. ರೇಬಿಸ್ ಲಸಿಕೆ ಬೇರೆ, ಸಾಮಾನ್ಯವಾಗಿ 3 ತಿಂಗಳಿಗೆ. ಒಂದು ವರ್ಷಕ್ಕೆ ಬೂಸ್ಟರ್, ಅಂದ್ರೆ ಶಕ್ತಿ ಉಳಿಯಲಿ ಅಂತ ಮತ್ತೆ ಹಾಕುವ ಲಸಿಕೆ, ಇದ್ದೇ ಇದೆ.

ವಾಕಿಂಗ್ ವಿಷಯ: ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಬೇರೆ ನಾಯಿಗಳು ಓಡಾಡುವ ಕಡೆ ಈಗಲೇ ನೆಲಕ್ಕೆ ಬಿಡಬೇಡಿ. ಎತ್ತಿಕೊಂಡು ಸುತ್ತಾಡಿಸಿ, ಜನ, ಗಾಡಿ ಸದ್ದು ಅಭ್ಯಾಸವಾಗಲಿ. ಅದೂ ಬೇಕು ಅಲ್ವಾ?

ನನ್ನ ಮರಿ ಎರಡನೇ ಲಸಿಕೆಯ ದಿನ ಮೂಲೆಯಲ್ಲಿ ಮುದುಡಿ ಮಲಗಿಬಿಟ್ಟಿತ್ತು, ತಟ್ಟೆ ಮೂಸಿಯೂ ನೋಡಲಿಲ್ಲ. ಕತ್ತಿನ ಹತ್ತಿರ ಬಟಾಣಿಯಷ್ಟು ಗಂಟು. ಮರುದಿನ ಎದ್ದು ಚಪ್ಪಲಿ ಕಚ್ಚುತ್ತಿತ್ತು! ಅಷ್ಟಕ್ಕೆ ಹೆದರಬೇಡಿ. ಆದರೆ ಮುಖ ಊದಿದರೆ, ಮೇಲಿಂದ ಮೇಲೆ ವಾಂತಿಯಾದರೆ, ಉಸಿರಾಟ ಕಷ್ಟವಾದರೆ ತಕ್ಷಣ ಡಾಕ್ಟರ್ ಹತ್ತಿರ ಓಡಿ.