ಒಂದು ಕಾರ್ಡಿಗೆ ಇಷ್ಟೊಂದಾ?

ಮೊದಲ ದಿನ ಬಂದು ಕೂತವರು ಹತ್ತು ನಿಮಿಷ ಬೇರೇನೇನೋ ಮಾತಾಡಿದರು. ನಿದ್ದೆ ಸರಿಯಿಲ್ಲ ಎಂದರು. ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ ಎಂದರು. ಆಮೇಲೆ ನೆಲ ನೋಡುತ್ತಾ, "ಹೇಳಿದ್ರೆ ನಗ್ತೀರೇನೋ. ಒಂದು ಕಾರ್ಡಿನ ವಿಷಯ" ಎಂದರು.

ನಾನು ನಗಲಿಲ್ಲ. ಆಟದ ಮೇಜಿನ ಸುತ್ತ ಆದ ಜಗಳ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಆಪ್ತಸಮಾಲೋಚನೆಯ ಈ ಕೆಲಸದಲ್ಲಿ ನೋಡಿದ್ದೇನೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮೂವತ್ತು ದಾಟಿದ, ಮದುವೆಯಾದ ಗಂಡಸು ಎಂದುಕೊಳ್ಳಿ. ಅಷ್ಟು ಸಾಕು.

ಅವರು ಆಡುವುದು ಮ್ಯಾಜಿಕ್: ದ ಗ್ಯಾದರಿಂಗ್. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟ 1993ರಲ್ಲಿ ಶುರುವಾಯಿತು. ಕಾರ್ಡು ಸಂಗ್ರಹಿಸಿ ಆಡುವ ಆಟಗಳ ಇಡೀ ಸಾಲಿಗೆ ದಾರಿ ಹಾಕಿಕೊಟ್ಟಿದ್ದು ಇದೇ. ಮುಚ್ಚಿದ ಪ್ಯಾಕೆಟ್ ಕೊಳ್ಳಬೇಕು, ಒಳಗೆ ಏನಿದೆ ಎಂದು ಒಡೆಯುವವರೆಗೆ ಗೊತ್ತಾಗುವುದಿಲ್ಲ. ಕೆಲವು ಕಾರ್ಡು ಕೈತುಂಬ ಸಿಗುತ್ತವೆ, ಕೆಲವು ಸಿಗುವುದೇ ಕಷ್ಟ. ಕೊಂಡು, ಅದಲು ಬದಲು ಮಾಡಿ, ತನ್ನದೇ ಡೆಕ್, ಅಂದರೆ ಆಡುವ ಕಾರ್ಡುಗಳ ಕಟ್ಟು, ಮಾಡಿಕೊಂಡು ಮೇಜಿಗೆ ಬರಬೇಕು. ಇವರ ಗುಂಪು ಆಡುವುದು ಅದರಲ್ಲಿ ಕಮಾಂಡರ್ ಎಂಬ ಬಗೆ. 100 ಕಾರ್ಡಿನ ಡೆಕ್. ಬೇಸಿಕ್ ಲ್ಯಾಂಡ್ ಎಂಬ ಮೂಲ ಕಾರ್ಡುಗಳನ್ನು ಬಿಟ್ಟರೆ ಒಂದು ಕಾರ್ಡು ಒಂದೇ ಸಲ. ಸಾಮಾನ್ಯವಾಗಿ ನಾಲ್ಕು ಜನ, ಒಬ್ಬೊಬ್ಬರಿಗೆ 40 ಲೈಫ್, ಅಂದರೆ ಪ್ರಾಣದ ಅಂಕ. ಇವರೂ ನಾಲ್ವರು. ಒಂಬತ್ತು ವರ್ಷದಿಂದ ವಾರಕ್ಕೊಂದು ಸಂಜೆ ತಪ್ಪಿಸದೆ ಸೇರುತ್ತಿದ್ದರು.

ಕಾರ್ಡಿನ ಹೆಸರು ಮನಾ ಕ್ರಿಪ್ಟ್. ಇದರ ಬಗ್ಗೆ ಅವರು ಹೇಳುವಾಗ ಮುಖದಲ್ಲಿ ಬೆಳಕು ಬಂತು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆಟದಲ್ಲಿ ಹೆಚ್ಚಿನ ಕಾರ್ಡು ಇಳಿಸಲು ಮನಾ, ಅಂದರೆ ಆಟದೊಳಗಿನ ಶಕ್ತಿ, ಖರ್ಚು ಮಾಡಬೇಕು. ಸಾಮಾನ್ಯವಾಗಿ ಅದು ಪ್ರತಿ ಸುತ್ತಿನಲ್ಲೂ ಒಂದೊಂದಾಗಿ ನಿಧಾನಕ್ಕೆ ಬೆಳೆಯುತ್ತದೆ. ಈ ಕಾರ್ಡನ್ನು ಇಳಿಸಲು ಏನೂ ಖರ್ಚಿಲ್ಲ. ಇಳಿದ ಗಳಿಗೆಯಿಂದ ಪ್ರತಿ ಸುತ್ತೂ ಎರಡು ಮನಾ ಕೊಡುತ್ತದೆ. ಅದಕ್ಕೆ ತೆರಬೇಕಾದದ್ದು ಒಂದೇ: ನಿಮ್ಮ ಸುತ್ತು ಬಂದಾಗಲೆಲ್ಲ ನಾಣ್ಯ ಚಿಮ್ಮಬೇಕು, ಸೋತರೆ ಮೂರು ಲೈಫ್ ಹೋಗುತ್ತದೆ. 20 ಲೈಫಿನ ಆಟದಲ್ಲಿ ಅದು ನೋಯುತ್ತದೆ. 40 ಇದ್ದಾಗ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಅಂದರೆ ಮೊದಲ ಕೈಯಲ್ಲೇ ಇದು ಬಂದವರು ಉಳಿದ ಮೂವರಿಗಿಂತ ಎರಡು ಹೆಜ್ಜೆ ಮುಂದಿದ್ದು ಆಟ ಶುರು ಮಾಡುತ್ತಾರೆ.

ಇವರು ಎಂಟು ತಿಂಗಳು ಉಳಿಸಿ ಅದನ್ನು ಕೊಂಡಿದ್ದರು. ಮೊದಲ ಸಲ ಮೇಜಿನ ಮೇಲೆ ಇಟ್ಟ ದಿನ ಅವರ ಹಳೆಯ ಗೆಳೆಯ ಎದ್ದು ನಿಂತು ಕೈ ಕುಲುಕಿದನಂತೆ.

2024ರ ಸೆಪ್ಟೆಂಬರ್ 23ರಂದು, ಕಮಾಂಡರ್ ಆಟದ ನಿಯಮ ನೋಡಿಕೊಳ್ಳುತ್ತಿದ್ದ ಸಮಿತಿ ನಾಲ್ಕು ಕಾರ್ಡುಗಳನ್ನು ಬ್ಯಾನ್ ಮಾಡಿತು. ಮನಾ ಕ್ರಿಪ್ಟ್ ಅದರಲ್ಲಿ ಒಂದು. ಮುನ್ಸೂಚನೆ ಇರಲಿಲ್ಲ. ಆಟಗಾರರ ಲೋಕದಲ್ಲಿ ದೊಡ್ಡ ಗಲಾಟೆ ಎದ್ದಿತು. ಸಮಿತಿಯವರಿಗೆ ಬೆದರಿಕೆಗಳೂ ಬಂದವು. ಒಂದೇ ವಾರದಲ್ಲಿ, ಸೆಪ್ಟೆಂಬರ್ 30ಕ್ಕೆ, ಆ ಜವಾಬ್ದಾರಿ ಆಟ ತಯಾರಿಸುವ ಕಂಪನಿಯ ಕೈಗೆ ಹೋಯಿತು. ಬ್ಯಾನ್ ಮಾತ್ರ ಉಳಿಯಿತು. ಒಂದು ಕಾರ್ಡಿನ ಸಿಟ್ಟಿಗೆ ಮನುಷ್ಯರನ್ನು ಬೆದರಿಸುವುದಕ್ಕೆ ನನ್ನ ಬಳಿ ಯಾವ ಸಮರ್ಥನೆಯೂ ಇಲ್ಲ. ನನ್ನೆದುರು ಕೂತವರೂ ಅದನ್ನು ಒಪ್ಪುವವರಲ್ಲ. ಅವರ ನೋವು ಇನ್ನೂ ಹತ್ತಿರದ್ದು. ಸುದ್ದಿ ಬಂದ ಹತ್ತು ನಿಮಿಷಕ್ಕೆ, ಅಂದು ಕೈ ಕುಲುಕಿದ್ದ ಅದೇ ಗೆಳೆಯ ನಾಲ್ವರ ಗುಂಪಿಗೆ ಸಂದೇಶ ಕಳಿಸಿದ್ದ: "ಒಳ್ಳೇದೇ ಆಯ್ತು ಬಿಡು." ಜೊತೆಗೆ ಒಂದು ನಗುವಿನ ಚಿತ್ರ.

ಅವತ್ತಿನಿಂದ ಮಾತು ನಿಂತಿತ್ತು. ಏಳು ವಾರ.

ಮನೆಯಲ್ಲಿ ಹೇಳಿಕೊಂಡಾಗ ಹೆಂಡತಿ, "ಒಂದು ಕಾರ್ಡಿಗೆ ಇಷ್ಟೊಂದಾ?" ಎಂದರಂತೆ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಅಲ್ಲಿಂದಾಚೆ ಇವರು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ದುಃಖದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1980ರ ದಶಕದಲ್ಲಿ ಇಂಥ ದುಃಖಕ್ಕೆ "ಡಿಸ್‌ಎನ್‌ಫ್ರಾಂಚೈಸ್ಡ್ ಗ್ರೀಫ್" ಎಂಬ ಹೆಸರು ಕೊಟ್ಟರು. ಸುತ್ತಲಿನವರು ದುಃಖ ಎಂದೇ ಒಪ್ಪದ ದುಃಖ ಅದು. ಸತ್ತದ್ದು ಸಾಕಿದ ಪ್ರಾಣಿ ಇರಬಹುದು, ಮುರಿದದ್ದು ಯಾರಿಗೂ ಹೇಳದ ಸಂಬಂಧ ಇರಬಹುದು. ಅಳುವುದಕ್ಕೂ ಅನುಮತಿ ಇಲ್ಲದಂತೆ ಆಗುತ್ತದೆ. ಇಂಥವರಿಗೆ ನಾನು ಮೊದಲು ಕೊಡುವುದು ಆ ಅನುಮತಿಯನ್ನೇ. "ನಿಮಗೆ ಏನೋ ಕಳೆದುಹೋಗಿದೆ. ಏನು ಅಂತ ಇಬ್ಬರೂ ಸೇರಿ ನೋಡೋಣ" ಎಂದೆ. ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಎರಡನೇ ಭೇಟಿಗೆ ಅವರು ವಾದಗಳನ್ನು ಹೊತ್ತು ತಂದರು. ಕೈಯಲ್ಲಿ ನಿಜವಾಗಿಯೂ ಒಂದು ಹಾಳೆ ಇತ್ತು. ಸೋಲ್ ರಿಂಗ್ ಕೂಡ ಮೊದಲ ಸುತ್ತಲ್ಲೇ ಎರಡು ಮನಾ ಕೊಡುವ ಕಾರ್ಡು, ಒಂದೇ ಮನಾ ಖರ್ಚು, ಅದನ್ನು ಯಾಕೆ ಬಿಟ್ಟರು? ವರ್ಷಗಟ್ಟಲೆ ಇರಲು ಬಿಟ್ಟು, ಮತ್ತೆ ಅಚ್ಚು ಹಾಕಿ ಮಾರಿದ ಮೇಲೆ ಬ್ಯಾನ್ ಮಾಡುವುದು ನ್ಯಾಯವೇ? ಮನೆಯಲ್ಲಿ ಗೆಳೆಯರ ಜೊತೆ ಆಡುವ ಆಟಕ್ಕೆ ಬ್ಯಾನ್ ಪಟ್ಟಿಯೇ ಯಾಕೆ ಬೇಕು? ಸೋಲ್ ರಿಂಗ್ ಅಗ್ಗ, ಸಿದ್ಧವಾಗಿ ಸಿಗುವ ಕಮಾಂಡರ್ ಡೆಕ್ಕುಗಳಲ್ಲೂ ಬರುತ್ತದೆ, ಹಾಗಾಗಿ ಎಲ್ಲರ ಹತ್ತಿರ ಇದೆ ಎಂಬ ಉತ್ತರವೂ ಅವರಿಗೆ ಗೊತ್ತಿತ್ತು. ಅದಕ್ಕೆ ಮರುವಾದವೂ ಇತ್ತು.

ಪೂರ್ತಿ ಕೇಳಿದೆ. ಒಳ್ಳೆಯ ವಾದಗಳೇ. ಆಮೇಲೆ ಕೇಳಿದೆ: "ಇದನ್ನೆಲ್ಲ ನೀವು ಯಾರಿಗೆ ಹೇಳ್ತಿದ್ದೀರಿ?"

"ಸಮಿತಿಯವರಿಗೆ."

"ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಮನಸ್ಸಿನಲ್ಲಿ ಬರುವ ಮುಖ ಯಾರದು?"

ಅವರು ಉತ್ತರ ಕೊಡಲಿಲ್ಲ. ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು.

ಈ ಹವ್ಯಾಸದವರ ಜಗಳಗಳಲ್ಲಿ ನಾನು ಕಂಡದ್ದು ಹೀಗೆ. ಕಾರ್ಡಿನ ಬಗ್ಗೆ ವಾದ ಮಾಡುವುದು ಸುಲಭ, ಯಾಕೆಂದರೆ ಅದಕ್ಕೆ ನಿಯಮವಿದೆ, ಅಂಕಿ ಇದೆ, ಪಟ್ಟಿ ಇದೆ. "ನೀನು ನಕ್ಕಿದ್ದು ನನಗೆ ನೋವಾಯ್ತು" ಎನ್ನುವುದಕ್ಕೆ ಯಾವ ಪಟ್ಟಿಯ ಆಸರೆಯೂ ಇಲ್ಲ. ಹಾಗಾಗಿ ನೋವು ನಿಯಮದ ಬಟ್ಟೆ ಹಾಕಿಕೊಂಡು ಬರುತ್ತದೆ. ಎದುರಿನವನು ನಿಯಮಕ್ಕೆ ಉತ್ತರ ಕೊಡುತ್ತಾನೆ, ನೋವು ಇದ್ದಲ್ಲೇ ಇರುತ್ತದೆ.

ಮೂರನೇ ಭೇಟಿಯಲ್ಲಿ ಅವರೇ ಹೇಳಿದರು, ಕೇಳದೆಯೇ. ಬ್ಯಾನ್ ಆಗುವ ನಾಲ್ಕು ತಿಂಗಳು ಮೊದಲು ಅದೇ ಗೆಳೆಯ ಒಂದು ಪ್ರಾಕ್ಸಿ ತಂದಿದ್ದ. ಪ್ರಾಕ್ಸಿ ಅಂದರೆ ಅಸಲಿ ಕಾರ್ಡಿನ ಬದಲಿಗೆ ಇಡುವ ಪ್ರಿಂಟ್. ಮನಾ ಕ್ರಿಪ್ಟಿನದೇ ಪ್ರಿಂಟ್. ಅಸಲಿ ಕೊಳ್ಳುವ ಶಕ್ತಿ ಅವನಿಗೆ ಇರಲಿಲ್ಲ. ಇವರು ಎಲ್ಲರೆದುರು, "ಕಾಗದ ಇಟ್ಟು ಆಡೋದಾದ್ರೆ ನಾನು ಎದ್ದು ಹೋಗ್ತೀನಿ. ನಾನು ಎಂಟು ತಿಂಗಳು ಸುಮ್ನೆ ಉಳಿಸಿದ್ನಾ?" ಎಂದಿದ್ದರು. ಗೆಳೆಯ ಏನೂ ಹೇಳದೆ ಆ ಪ್ರಿಂಟನ್ನು ಕಾರ್ಡಿನ ಪ್ಲಾಸ್ಟಿಕ್ ಸ್ಲೀವಿನಿಂದ ತೆಗೆದು ಚೀಲಕ್ಕೆ ಹಾಕಿಕೊಂಡಿದ್ದ.

ಇದನ್ನು ಹೇಳಿ ಮುಗಿಸಿ ಅವರು ತುಂಬಾ ಹೊತ್ತು ಸುಮ್ಮನಿದ್ದರು.

ಪ್ರಾಕ್ಸಿ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಇಲ್ಲಿ ಎರಡು ಬೇರೆ ವಿಷಯ ಕಲಸಿಹೋಗುತ್ತವೆ. ನಕಲಿ ಕಾರ್ಡನ್ನು ಅಸಲಿ ಎಂದು ಮಾರುವುದು ಮೋಸ. ಅದರಲ್ಲಿ ಚರ್ಚೆ ಇಲ್ಲ. ಅಧಿಕೃತ ಟೂರ್ನಮೆಂಟಿಗೆ ಅಸಲಿ ಕಾರ್ಡೇ ಬೇಕು. ಆಟದ ನಡುವೆ ಕಾರ್ಡು ಹಾಳಾದಂಥ ಸಂದರ್ಭದಲ್ಲಿ ತೀರ್ಪುಗಾರರೇ ಪ್ರಾಕ್ಸಿ ಕೊಡಬಹುದು, ಆಟಗಾರ ತಾನಾಗಿ ತರುವಂತಿಲ್ಲ. ಆದರೆ ಗೆಳೆಯರ ಮೇಜಿನಲ್ಲಿ "ಇದು ಪ್ರಿಂಟ್" ಎಂದು ಹೇಳಿಯೇ ಇಡುವುದು ಬೇರೆ. ಅದು ಆ ನಾಲ್ವರು ಕೂತು ತೀರ್ಮಾನಿಸಬೇಕಾದ ಮಾತು. ಬೇಡ ಎನ್ನುವ ಹಕ್ಕು ಇವರಿಗೂ ಇತ್ತು. ಕಷ್ಟಪಟ್ಟು ಕೂಡಿಸಿದ್ದಕ್ಕೆ ಬೆಲೆ ಇರಲಿ ಎಂದು ಬಯಸುವುದು ತಪ್ಪಲ್ಲ. ತಪ್ಪಿದ್ದು, ಗೆಳೆಯನ ಬಡತನವನ್ನು ಎಲ್ಲರೆದುರು ಮೇಜಿನ ಮೇಲೆ ಇಟ್ಟದ್ದು. ಇದನ್ನು ನಾನು ಅವರಿಗೆ ನೇರವಾಗಿಯೇ ಹೇಳಿದೆ. ಗೆಳೆಯನ ಆ ನಗುವೂ ಸರಿಯಲ್ಲ ಎಂದು ಅಷ್ಟೇ ನೇರವಾಗಿ ಹೇಳಿದೆ. ಒಂದು ತಪ್ಪು ಇನ್ನೊಂದನ್ನು ಅಳಿಸುವುದಿಲ್ಲ, ಅಲ್ವಾ?

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಬಹಳ ಸಣ್ಣದು. ರಾತ್ರಿ ಹತ್ತರ ನಂತರ ಗುಂಪಿಗೆ ಸಂದೇಶ ಬರೆಯಬೇಡಿ, ಹಳೆಯ ಸಂದೇಶ ಓದಲೂ ಬೇಡಿ. ನಿದ್ದೆಗೆಟ್ಟ ತಲೆಗೆ ಎಲ್ಲ ವಾಕ್ಯವೂ ಚುಚ್ಚುತ್ತದೆ. ಎರಡು ವಾರ ಪಾಲಿಸಿದರು. ನಿದ್ದೆ ಪೂರ್ತಿ ಅಲ್ಲದಿದ್ದರೂ ಬಂತು.

ಎರಡನೆಯದು, ಗೆಳೆಯನಿಗೆ ಕಾರ್ಡಿನ ಸುದ್ದಿಯೇ ಇಲ್ಲದ ಮಾತು ಒಂದನ್ನು ಹೇಳುವುದು. ಇದಕ್ಕೆ ಇಬ್ಬರೂ ತುಂಬಾ ಹೊತ್ತು ಕೂತೆವು. ಅವರ ಮೊದಲ ಕರಡಿನಲ್ಲಿ "ಆದರೆ" ನಾಲ್ಕು ಸಲ ಇತ್ತು. "ನಾನು ಅವತ್ತು ಹಾಗೆ ಹೇಳಬಾರದಿತ್ತು, ಆದರೆ ನೀನೂ..." ಎಂಬಂಥದ್ದು. ಕ್ಷಮೆ ಕೇಳುವಾಗ "ಆದರೆ" ಬಂದರೆ ಎದುರಿನವರಿಗೆ ಅದರ ಮುಂದಿನದು ಮಾತ್ರ ಕೇಳಿಸುತ್ತದೆ. ಒಂದೊಂದೇ ತೆಗೆದೆವು. ಕೊನೆಗೆ ಉಳಿದದ್ದು ಎರಡು ವಾಕ್ಯ: "ಪ್ರಿಂಟ್ ತಂದ ದಿನ ಎಲ್ಲರೆದುರು ನಿನಗೆ ಅವಮಾನ ಮಾಡಿದೆ. ಅದು ನನ್ನ ತಪ್ಪು." ತನ್ನ ನೋವಿನ ಮಾತನ್ನು ಅದೇ ದಿನ ಹೇಳಬೇಡಿ ಎಂದೆ. ಇದು ಅವರಿಗೆ ಕಷ್ಟವಾಯಿತು. "ಅವನು ಕೇಳದೇ ಇದ್ರೆ?" ಎಂದರು. ಹಾಗಾದರೆ ಇನ್ನೊಂದು ದಿನ ನೀವೇ ಹೇಳಿ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಎಂದೆ.

ಮೂರನೆಯದು ಇಡೀ ಗುಂಪಿನ ವಿಷಯ. ಆಟಕ್ಕೆ ಮೊದಲು ಅವರು ಡೆಕ್ಕಿನ ಬಲ ಎಷ್ಟು ಎಂದು ಹತ್ತಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಹೇಳಿಕೊಳ್ಳುತ್ತಿದ್ದರು. ಎಲ್ಲರದ್ದೂ ಯಾವಾಗಲೂ ಏಳು! ಒಬ್ಬನ ಏಳು ಮೂರನೇ ಸುತ್ತಿಗೆ ಆಟ ಮುಗಿಸುತ್ತಿತ್ತು, ಇನ್ನೊಬ್ಬನ ಏಳು ಆಗ ತಾನೇ ಕಣ್ಣು ಬಿಡುತ್ತಿತ್ತು. ಅಂಕಿ ಬಿಡಿ, ಇವತ್ತು ಎಂಥ ಆಟ ಬೇಕು ಎಂದು ಕೇಳಿಕೊಳ್ಳಿ ಎಂದೆ. ಈ ಆಟದ ವಿನ್ಯಾಸಕರಲ್ಲಿ ಒಬ್ಬರಾದ ಮಾರ್ಕ್ ರೋಸ್‌ವಾಟರ್ 2002ರಲ್ಲಿ ಆಟಗಾರರನ್ನು ಮೂರು ಬಗೆಯಾಗಿ ವಿವರಿಸಿದ್ದರು. ಟಿಮ್ಮಿಗೆ ದೊಡ್ಡ, ಮರೆಯಲಾಗದ ಗಳಿಗೆ ಬೇಕು. ಜಾನಿಗೆ ತನ್ನದೇ ಜಾಣತನ ತೋರುವ ಡೆಕ್ ಬೇಕು. ಸ್ಪೈಕ್‌ಗೆ ಗೆದ್ದು ತನ್ನನ್ನು ಸಾಬೀತು ಮಾಡಬೇಕು. ಈ ಹೆಸರುಗಳು ನನ್ನ ಕೋಣೆಯಲ್ಲಿ ತುಂಬಾ ಉಪಯೋಗಕ್ಕೆ ಬಂದವು. "ನೀವು ಯಾರು?" ಎಂದು ಕೇಳಿದರೆ ಅವರು ತಕ್ಷಣ "ಸ್ಪೈಕ್" ಎಂದರು. "ಹಾಗಾದ್ರೆ ಅತಿ ಖುಷಿಯ ನೆನಪು ಯಾವ ಗೆಲುವು?" ಎಂದೆ. ಯೋಚಿಸಿ ಯೋಚಿಸಿ ಅವರು ಹೇಳಿದ್ದು ಗೆಲುವನ್ನೇ ಅಲ್ಲ. ಗೆಳೆಯ ಎದ್ದು ನಿಂತು ಕೈ ಕುಲುಕಿದ್ದನ್ನು ಹೇಳಿದರು. ಅಂದು ಅವರು ಸೋತಿದ್ದರು.

ಅವರಿಗೆ ಕಳೆದುಹೋದದ್ದು ಏನು ಎಂದು ನಮಗೆ ಅಲ್ಲಿ ಗೊತ್ತಾಯಿತು.

ಹೆಂಡತಿಯನ್ನೂ ಒಮ್ಮೆ ಕರೆಸಿ ಮಾತಾಡಿದೆ. ಹಣದ ಲೆಕ್ಕ ಅವರಿಗೆ ತೋರಿಸಿ ಎಂದು ಇವರಿಗೆ ಹೇಳಿದೆ, ಪೂರ್ತಿಯಾಗಿ, ಯಾವುದನ್ನೂ ಕಡಿಮೆ ಹೇಳದೆ. ಬ್ಯಾನ್ ಸುದ್ದಿಯ ಬೆನ್ನಿಗೆ ಆ ಕಾರ್ಡಿನ ಬೆಲೆ ಕುಸಿದಿತ್ತು. ಸಂಗ್ರಹವನ್ನು ಉಳಿತಾಯ ಎಂದುಕೊಳ್ಳುವುದನ್ನು ಬಿಡಿ ಎಂದೆ. ಆಟದ ಖರ್ಚು ಎಂದೇ ಬರೆದಿಡಿ, ಅದಕ್ಕೆ ತಿಂಗಳಿಗೊಂದು ಮಿತಿ ಇಬ್ಬರೂ ಸೇರಿ ಹಾಕಿಕೊಳ್ಳಿ. ಅದು ಸಲೀಸಾಗಿ ಆಯಿತು. ಹೆಂಡತಿಗೆ ಚಿಂತೆ ಇದ್ದದ್ದು ಖರ್ಚಿನ ಬಗ್ಗೆ ಅಲ್ಲ, ಗಂಡ ಮಾತು ನಿಲ್ಲಿಸಿದ್ದರ ಬಗ್ಗೆ.

ನಮ್ಮ ಭೇಟಿಗಳು ಮುಗಿಯುವ ಹೊತ್ತಿಗೆ 2025ರ ಫೆಬ್ರವರಿ. ಡೆಕ್ಕುಗಳನ್ನು 1ರಿಂದ 5ರವರೆಗೆ ಬ್ರ್ಯಾಕೆಟ್ ಎಂದು ವಿಂಗಡಿಸುವ ಹೊಸ ಕ್ರಮವನ್ನು ಕಂಪನಿ ಪ್ರಯೋಗಕ್ಕೆ ಬಿಟ್ಟಿತ್ತು. ಮತ್ತೆ ಹೊಸ ವಾದಗಳು ಶುರುವಾಗಿದ್ದವು. ಅವರು ಅದನ್ನು ಹೇಳಿದಾಗ ಕೈಯಲ್ಲಿ ಹಾಳೆ ಇರಲಿಲ್ಲ.

ನಾಲ್ವರಲ್ಲಿ ಒಬ್ಬರು ಇನ್ನೂ ವಾಪಸು ಬಂದಿಲ್ಲ. ಏಳು ವಾರದ ಮೌನದಲ್ಲಿ ಅವರು ಬೇರೆ ಗುಂಪು ಸೇರಿಕೊಂಡಿದ್ದರು. ಅದಕ್ಕೆ ನನ್ನ ಹತ್ತಿರ ಸಲಹೆ ಇರಲಿಲ್ಲ.

ಆ ಎರಡು ವಾಕ್ಯವನ್ನು ಇವರು ಗೆಳೆಯನಿಗೆ ಎದುರಿಗೇ ಹೇಳಿದರು. ಅವನು "ಸರಿ" ಎಂದಷ್ಟೇ ಹೇಳಿ ಹೋದನಂತೆ. ಮೂರು ದಿನ ಬಿಟ್ಟು ತಾನೇ ಫೋನ್ ಮಾಡಿ, "ನಾನು ನಗಬಾರದಿತ್ತು ಕಣೋ" ಎಂದ. ಮುಂದಿನ ವಾರ ಮೂವರೇ ಕೂತರು. ತಮ್ಮ ಮೇಜಿನ ಮಟ್ಟಿಗೆ ಎಲ್ಲರೂ ಒಪ್ಪಿದರೆ ಪಟ್ಟಿಯಿಂದ ಆಚೆಗೂ ಆಡಬಹುದು ಎಂಬ ರೂಢಿ ಕಮಾಂಡರಿನಲ್ಲಿ ಮೊದಲಿನಿಂದ ಇದೆ. ಅದನ್ನು ನೆನಪಿಸಿದ್ದು ಗೆಳೆಯ. "ಒಂದು ಆಟಕ್ಕೆ ನಿನ್ನ ಕ್ರಿಪ್ಟ್ ಇಡು" ಎಂದ. ಇವರು, "ನಿನ್ನ ಪ್ರಿಂಟೂ ಇದ್ರೆ ಇಡ್ತೀನಿ" ಎಂದರು. ಪ್ರಿಂಟ್ ಇನ್ನೂ ಅದೇ ಚೀಲದಲ್ಲಿ ಇತ್ತು, ಒಂದು ಮೂಲೆ ಮಡಚಿಕೊಂಡಿತ್ತು. ಇವರ ಅಸಲಿ ಕಾರ್ಡು ಡೆಕ್ಕಿನ ತಳದಲ್ಲೆಲ್ಲೋ ಸಿಕ್ಕಿಕೊಂಡು ಆಟ ಮುಗಿಯುವವರೆಗೂ ಕೈಗೆ ಬರಲಿಲ್ಲ. ಗೆಳೆಯನಿಗೆ ಮೊದಲ ಕೈಯಲ್ಲೇ ಬಂತು. ಐದು ಸಲ ನಾಣ್ಯ ಚಿಮ್ಮಿದ, ಐದೂ ಸಲ ಸೋತು ಹದಿನೈದು ಲೈಫ್ ಕಳೆದುಕೊಂಡ. ಆರನೇ ಸಲ ನಾಣ್ಯವನ್ನು ಇವರ ಕೈಗೆ ಕೊಟ್ಟು, "ನೀನೇ ಚಿಮ್ಮು" ಎಂದನಂತೆ.